ಬೀಗಕ್ಕೆ ಜೇನು

ಜನವರಿ ೬, ಸೋಮವಾರ

ಕಳ್ಳತನವಾಗಿದೆ. ಅದೂ ಬೀಗದಂಗಡಿಯಲ್ಲಿ. ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ಏನಾಯಿತೆಂದು ಕೇಳುತ್ತಾರೆ. ಅದಕ್ಕೇ ಯಾರಿಗೂ ಹೇಳದೆ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಾದರೂ ಒಂದು ಕಡೆ ಕಾರಿಕೊಳ್ಳದಿದ್ದರೆ ಎದುರಿಗೆ ಸಿಕ್ಕ ಗಿರಾಕಿಯ ಮೇಲೆ ಹರಿಹಾಯ್ದುಬಿಡುತ್ತೇನೆ. ಅಣ್ಣನಿಗೆ ಉಳಿದಿರುವುದೇ ಬೆರಳೆಣಿಕೆಯ ಗಿರಾಕಿಗಳು.

ಬೆಳಿಗ್ಗೆ ಅಂಗಡಿಯ ಮೂಲೆಯಲ್ಲಿ ನನ್ನ ಕಂಪ್ಯೂಟರ್ ಹಚ್ಚಿ, ದಿನಾ ಮಾಡುವ ಹಾಗೆ ‘ಬೀಗ ಕಚ್ಚಿಕೊಂಡರೆ ಏನು ಮಾಡಬೇಕು’ ಎಂದು ಹುಡುಕಿದೆ. ಹೋದ ವರ್ಷದವರೆಗೂ ಎಲ್ಲರಿಗಿಂತ ಮೇಲೆ ಬರುತ್ತಿದ್ದುದು ನಮ್ಮ ‘ಬೀಗದಣ್ಣ’. ಅದು ಬೀದಿಯವರು ಅಣ್ಣನಿಗೆ ಇಟ್ಟ ಹೆಸರು, ಅಂಗಡಿಯ ಹೆಸರು, ನಾನು ಕಟ್ಟಿದ ಜಾಲತಾಣದ ಹೆಸರೂ ಅದೇ. ಇವತ್ತು ಮೇಲುಗಡೆ ಒಂದು ಪೆಟ್ಟಿಗೆ ಕುಳಿತಿದೆ. ಯಂತ್ರವೇ ಉತ್ತರ ಬರೆದು ಬಡಿಸಿಬಿಟ್ಟಿದೆ: ‘ಬೀಗವನ್ನು ಬೆದರಿಸಬೇಡಿ, ಒಲಿಸಿಕೊಳ್ಳಿ. ಎಣ್ಣೆ ಬಿಡಬೇಡಿ. ಪೆನ್ಸಿಲ್ ಮೊನೆ ಪುಡಿ ಮಾಡಿ ಬೀಗದಕೈಗೆ ಸವರಿ ಮೆಲ್ಲಗೆ ಆಡಿಸಿ.’

ಬೆದರಿಸಬೇಡಿ, ಒಲಿಸಿಕೊಳ್ಳಿ! ಇದು ಅಣ್ಣನ ಬಾಯಿಂದ ಬಿದ್ದ ಮಾತು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಬರೆದುಕೊಂಡದ್ದು. ಅಕ್ಷರ ಬಿಡದೆ ಎತ್ತಿಕೊಂಡಿದ್ದಾರೆ. ಬಿಟ್ಟಿರುವುದು ಒಂದೇ, ಅಣ್ಣನ ಹೆಸರು.

ಉತ್ತರ ಅಲ್ಲೇ ಸಿಕ್ಕಿದ ಮೇಲೆ ನಮ್ಮ ಪುಟಕ್ಕೆ ಯಾರು ಬರುತ್ತಾರೆ? ಪುಟಕ್ಕೇ ಬಾರದವರು ಅಂಗಡಿಗೆ ಎಲ್ಲಿಂದ ಬರುತ್ತಾರೆ? ಮಾರ್ಚ್ ಕೊನೆಗೆ ಅಂಗಡಿಯ ಬಾಡಿಗೆ ಕರಾರು ಮುಗಿಯುತ್ತದೆ. ಅಷ್ಟರೊಳಗೆ ಜನ ಬಾರದಿದ್ದರೆ ಬಾಗಿಲು ಮುಚ್ಚಿ ಹಳದಿ ವ್ಯಾನಿನ ಕಂಪನಿಗೆ ಸೇರುತ್ತೇನೆ ಎಂದಿದ್ದಾನೆ ಅಣ್ಣ. ಆ ಕಂಪನಿಗೆ ಅಂಗಡಿ ಅನ್ನುವುದೇ ಇಲ್ಲ. ಒಂದು ಫೋನ್ ನಂಬರು, ಒಂದಷ್ಟು ವ್ಯಾನು, ಹಳದಿ ಟೋಪಿ. ಹುಡುಕಿದರೆ ಮಾತ್ರ ಬೀದಿಬೀದಿಗೂ ಅವರದೊಂದು ಅಂಗಡಿ ಇದ್ದ ಹಾಗೆ ತೋರಿಸುತ್ತದೆ. ನಮ್ಮ ಬೀದಿಯ ವಿಳಾಸ ಹುಡುಕಿಕೊಂಡು ಹೋದೆ. ಅಲ್ಲಿದ್ದದ್ದು ಲೈಟು ಕಂಬ.

ಅಣ್ಣನ ತಲೆಯ ಮೇಲೆ ಹಳದಿ ಟೋಪಿ! ನಾನು ಬದುಕಿರುವ ತನಕ ಆಗಲು ಬಿಡುವುದಿಲ್ಲ.

ಜನವರಿ ೯, ಗುರುವಾರ

ಹುಡುಕಿಕೊಡುವ ಆ ಸರ್ಚ್ ಎಂಜಿನ್ ಕಂಪನಿಗೆ ದೂರು ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’ ನಾನು ಅಭಿಪ್ರಾಯ ಹೇಳಲಿಲ್ಲ ಮಹಾರಾಯರೇ, ಕಳ್ಳ ಅಂದೆ.

ಅಣ್ಣನಿಗೂ ತೋರಿಸಿದೆ. ಕನ್ನಡಕ ಹಣೆಗೇರಿಸಿ ನಿಧಾನವಾಗಿ ಓದಿದ.

“ಸರಿಯಾಗೇ ಹೇಳಿದೆಯಲ್ಲ.”

“ಸರಿ ಇರೋದೇ ತಪ್ಪು ಕಣೋ! ನಿಂದು ಅದು. ನಿನ್ನ ಹೆಸರೆಲ್ಲಿ?”

“ಹೆಸರು ಯಾಕೆ ಬಿಡು, ಬೀಗ ತೆಗೀತಲ್ಲ.”

ಹೀಗಂದು ಅರ ಹಿಡಿದು ಮತ್ತೆ ತಾಮ್ರದ ಬಣ್ಣದ ಒಂದು ಹಳೇ ಬೀಗದಕೈಯನ್ನು ಉಜ್ಜತೊಡಗಿದ. ನನಗೆ ಅರ ನನ್ನ ಹಲ್ಲಿನ ಮೇಲೇ ಆಡಿದ ಹಾಗಾಯಿತು. ಇಂಥ ಸಾಧು ಹಸುಗಳು ಇರುವುದರಿಂದಲೇ ಹಾಲು ಕರೆದುಕೊಂಡು ಹೋಗುವವರು ಹುಟ್ಟುತ್ತಾರೆ.

ಇಪ್ಪತ್ತು ವರ್ಷ ಈ ಕಸುಬಿನಲ್ಲಿದ್ದವಳು ನಾನು. ಜನ ಏನಾದರೂ ಹುಡುಕಿದಾಗ ನಮಗೆ ದುಡ್ಡು ಕೊಟ್ಟವರ ಹೆಸರು ಮೇಲೆ ಬರುವಂತೆ ಮಾಡುವ ಕಸುಬು. ಶುರುವಿನಲ್ಲಿ ಎಂಜಿನ್ನು ಹಸುಗೂಸು. ಪುಟದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬೀಗ ಬೀಗ ಬೀಗ ಎಂದು ತುಂಬಿದರೆ, ನೋಡುವವರ ಕಣ್ಣಿಗೆ ಕಾಣದಿದ್ದರೂ ಅದು ಎಣಿಸಿಕೊಂಡು ನಮ್ಮನ್ನು ಮೇಲೆ ಕೂರಿಸುತ್ತಿತ್ತು. ಅದು ತಿಳಿದು ಎಂಜಿನ್ನಿಗೆ ಸಿಟ್ಟು ಬಂತು. ಎಷ್ಟು ಪುಟಗಳು ನಿಮ್ಮ ಕಡೆ ಬೆರಳು ತೋರಿಸುತ್ತವೆ ಎಂದು ಕೇಳತೊಡಗಿತು. ಸರಿ, ನೀ ನನಗೆ ತೋರಿಸು ನಾ ನಿನಗೆ ತೋರಿಸುತ್ತೇನೆ ಎಂದು ಬೆನ್ನು ತುರಿಸುವ ಕಾಲ. ಆಮೇಲೆ ಉದ್ದುದ್ದ ಬರಹದ ಕಾಲ ಬಂತು. ಬೀಗ ತೆಗೆಯುವುದು ಹೇಗೆ ಎಂದು ಹೊರಗೆ ನಿಂತವನು ಕೇಳಿದರೆ, ಆದಿಮಾನವನಿಗೆ ಬೀಗ ಇತ್ತೇ ಎನ್ನುವಲ್ಲಿಂದ ಶುರುಮಾಡುತ್ತಿದ್ದೆವು. ಆಮೇಲೆ ನಕ್ಷತ್ರಗಳ ಕಾಲ. ಗಿರಾಕಿ ಐದು ಚುಕ್ಕಿ ಕೊಡದಿದ್ದರೆ ಊಟ ಸೇರುತ್ತಿರಲಿಲ್ಲ.

ಎಲ್ಲ ಕುಣಿತವನ್ನೂ ಕುಣಿದೆ. ಅದು ತಾಳ ಬದಲಿಸಿದ ಹಾಗೆಲ್ಲ ಹೆಜ್ಜೆ ಬದಲಿಸಿದೆ. ಕೊನೆಗೆ ಬರೆಯುವುದಕ್ಕೂ ಯಂತ್ರವೇ ಸಾಕೆಂದು ಕಂಪನಿ ನನ್ನನ್ನು ಮನೆಗೆ ಕಳಿಸಿತು. ಹೋಗಲಿ, ಅಣ್ಣನ ತಾಣ ಒಂದಿದೆಯಲ್ಲ, ಅದರಲ್ಲಿ ಒಂದು ಸುಳ್ಳಿಲ್ಲ, ಅದನ್ನಾದರೂ ಮೇಲಿಡೋಣ ಎಂದು ಇಲ್ಲಿ ಬಂದು ಕೂತರೆ ಇದು! ಇಷ್ಟು ವರ್ಷ ಅಂಗಡಿಯ ದಾರಿ ತೋರಿಸುತ್ತಿದ್ದವನು ಈಗ ದಾರಿಯಲ್ಲೇ ಅಡ್ಡ ನಿಂತು ಅಂಗಡಿಯ ಮಾಲನ್ನು ತಾನೇ ಹಂಚುತ್ತಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇನ್ನೇನು?

ಜನವರಿ ೧೭, ಶುಕ್ರವಾರ

ಕಡ್ಡಿಪೆಟ್ಟಿಗೆ ಫೋನ್ ಮಾಡಿದ್ದಳು. ಹಳೇ ಕಂಪನಿಯಲ್ಲಿ ನನ್ನ ಪಕ್ಕದ ಮೇಜಿನವಳು. ಆಕಾರ ಪುಟ್ಟದು, ಗೀರಿದರೆ ಹತ್ತಿಕೊಳ್ಳುತ್ತಾಳೆ, ಅದಕ್ಕೇ ಆ ಹೆಸರು. ಅವಳನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಯಂತ್ರ ಬರೆದದ್ದಕ್ಕೆ ಪೂರ್ಣವಿರಾಮ ಹಾಕುವ ಕೆಲಸವಂತೆ.

“ಕದ್ದಿದ್ದಾರೆ ಅಂತ ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ಗುರುತು ಇಡೇ. ಮರೆತುಬಿಟ್ಯಾ?”

ಮರೆತೇಹೋಗಿತ್ತು. ನಮ್ಮ ಕಸುಬಿನಲ್ಲಿ ಅದೊಂದು ಪದ್ಧತಿ. ಬೇರೆ ಕಂಪನಿಯವರು ನಮ್ಮ ಬರಹ ಕದಿಯುತ್ತಿದ್ದಾರೆಂಬ ಅನುಮಾನ ಬಂದರೆ, ನಡುವೆ ಎಲ್ಲೋ ಒಂದು ಶುದ್ಧ ಸುಳ್ಳು ವಾಕ್ಯ ಸೇರಿಸುವುದು. ಲೋಕದಲ್ಲಿ ಬೇರೆಲ್ಲೂ ಇಲ್ಲದಂಥದ್ದು. ನಾಳೆ ಅದು ಯಾರ ಪುಟದಲ್ಲಿ ಕಾಣುತ್ತದೋ ಅವನೇ ಕಳ್ಳ. ಅದನ್ನು ಗುರುತು ಎನ್ನುತ್ತಿದ್ದೆವು.

ಮಧ್ಯಾಹ್ನವೆಲ್ಲ ಕೂತು ಯೋಚಿಸಿದೆ. ಯಾರೂ ಹೇಳಿರಬಾರದು, ಬುದ್ಧಿ ಇದ್ದವರು ಯಾರೂ ಮಾಡಬಾರದು, ಆದರೆ ಯಂತ್ರ ನಂಬಬೇಕು. ಕೊನೆಗೆ ಅಣ್ಣನ ಮಾತುಗಳ ನಡುವೆ ಇದನ್ನು ಸೇರಿಸಿದೆ: ‘ಬೀಗದಕೈಗೆ ಒಂದು ಹನಿ ಜೇನುತುಪ್ಪ ಸವರಿದರೆ ಎಂಥ ಹಟಮಾರಿ ಬೀಗವೂ ಬಿಟ್ಟುಕೊಳ್ಳುತ್ತದೆ.’

ಬರೆದು ನಾನೇ ನಕ್ಕೆ. ಅತ್ತಿಗೆ ಊಟದ ಡಬ್ಬಿ ತಂದವರು, “ಏನೇ, ಒಬ್ಬಳೇ ನಗ್ತಿದ್ದೀಯ, ಯಾರಿಗೆ ಗುಂಡಿ ತೋಡಿದೆ?” ಎಂದರು. ಅತ್ತಿಗೆಯ ಮೂಗಿಗೆ ಎಲ್ಲ ವಾಸನೆ ಬರುತ್ತದೆ. ಅಣ್ಣನಿಗೆ ಮಾತ್ರ ಹೇಳಲಿಲ್ಲ. ಅವನಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ಜನವರಿ ೩೦, ಗುರುವಾರ

ಸಿಕ್ಕಿಬಿದ್ದ! ಸಿಕ್ಕಿಬಿದ್ದ ಕಳ್ಳ!

ಇವತ್ತು ಪೆಟ್ಟಿಗೆಯೊಳಗೆ ಕೂತಿದೆ ನನ್ನ ಜೇನುತುಪ್ಪ. ‘ಬೀಗದಕೈಗೆ ಒಂದು ಹನಿ ಜೇನುತುಪ್ಪ ಸವರುವುದು ಪರಿಣಾಮಕಾರಿ ವಿಧಾನ’ ಅಂತೆ. ಪರಿಣಾಮಕಾರಿಯಂತೆ, ವಿಧಾನವಂತೆ! ಹಟಮಾರಿ ಬೀಗ ಅನ್ನುವ ಮಾತು ಬಿಟ್ಟು ಶಾಲು ಹೊದಿಸಿದ್ದಾರೆ ನನ್ನ ಸುಳ್ಳಿಗೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಚಿತ್ರ ಹಿಡಿದೆ, ನನ್ನ ಪುಟದ ಚಿತ್ರ ಪಕ್ಕದಲ್ಲಿಟ್ಟೆ, ಯಾವತ್ತು ಸೇರಿಸಿದೆ ಎಂಬ ಸಾಕ್ಷಿ ಇಟ್ಟೆ, ಉದ್ದನೆಯ ದೂರು ಬರೆದೆ. ಇಷ್ಟು ಚೆನ್ನಾಗಿ ನಾನು ಯಾವ ಗಿರಾಕಿಗೂ ಬರೆದಿಲ್ಲ. ಪ್ರತಿ ಸಾಲೂ ಬೆಂಕಿ. ಕಡ್ಡಿಪೆಟ್ಟಿಗೆ ಓದಿ, “ಇದನ್ನ ಚೌಕಟ್ಟು ಹಾಕಿಸು” ಎಂದಳು.

ಉತ್ತರ ಬಂತು. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’

ಮನುಷ್ಯನೊಬ್ಬ ಓದಿ ಮನುಷ್ಯನ ಹಾಗೆ ಉತ್ತರ ಕೊಡುವ ತನಕ ಆ ವಾಕ್ಯ ತೆಗೆಯುವುದಿಲ್ಲ. ಸಾಕ್ಷಿ ಅದು. ಸಾಕ್ಷಿಯನ್ನು ಯಾರಾದರೂ ಕೈಯಾರೆ ಅಳಿಸುತ್ತಾರೆಯೇ?

ಫೆಬ್ರವರಿ ೧೧, ಮಂಗಳವಾರ

ಪಕ್ಕದ ಬೀದಿಯ ದರ್ಜಿ ಬಂದಿದ್ದ. ಅಂಗಡಿಯ ಷಟರಿನ ಬೀಗ ಕೈಯಲ್ಲಿ ಹಿಡಿದಿದ್ದ. ಕೊಂಡಿ ಗರಗಸದಲ್ಲಿ ಕೊಯ್ದು ತೆಗೆದದ್ದಂತೆ. ಅಣ್ಣ ಅದನ್ನು ಮೇಜಿನ ಮೇಲಿಟ್ಟು ದೀಪ ಬಗ್ಗಿಸಿದ. ಬೀಗದ ತೂತಿನಿಂದ ಒಂದು ಇರುವೆ ಹೊರಬಂತು. ಹಿಂದೆ ಇನ್ನೊಂದು. ಆಮೇಲೆ ಸಾಲೇ ಹೊರಟಿತು.

ಅಣ್ಣ ಬೀಗವನ್ನು ಮೂಗಿಗೆ ಹಿಡಿದ. “ಇದಕ್ಕೇನು ಹಾಕಿದ್ರಿ?”

“ಜೇನುತುಪ್ಪ.”

“ಬೀಗಕ್ಕಾ?”

“ಫೋನಲ್ಲಿ ಹಾಗೇ ಹೇಳ್ತು.” ದರ್ಜಿಯ ಮುಖ ಚಿಕ್ಕದಾಗಿತ್ತು. “ಮದುವೆ ಬಟ್ಟೆ ಒಳಗಿತ್ತು, ಸಂಜೆ ಕೊಡಬೇಕಿತ್ತು. ತಡ ಆಯ್ತು. ಹುಡುಗಿ ಕಡೆಯವರು ಬೀದೀಲಿ ನಿಂತು ಬೈದರು.”

ನಾನು ಕಂಪ್ಯೂಟರಿನ ಕಡೆಗೆ ತಿರುಗಿದೆ. ಏನೋ ಓದುತ್ತಿರುವ ಹಾಗೆ ಕೂತೆ.

ಸಂಜೆ ಆ ವಾಕ್ಯ ತೆಗೆದೆ. ದೂರಿನಲ್ಲಿ ಚಿತ್ರ ಇದ್ದೇ ಇದೆ, ಸಾಕ್ಷಿ ಸಾಕು. ಬುದ್ಧಿ ಇದ್ದವರು ಯಾರೂ ಮಾಡಬಾರದು ಅಂತಲೇ ಬರೆದದ್ದು. ದರ್ಜಿಗೆ ಬುದ್ಧಿ ಇಲ್ಲವೆಂದು ಹೇಳುವ ಹಾಗೂ ಇಲ್ಲ. ನನ್ನ ರವಿಕೆಗಳನ್ನೆಲ್ಲ ಹೊಲಿಯುವವನು ಅವನೇ, ಒಂದು ನೂಲು ಆಚೀಚೆ ಆಗುವುದಿಲ್ಲ.

ಫೆಬ್ರವರಿ ೧೪, ಶುಕ್ರವಾರ

ಪುಟದಲ್ಲಿ ಜೇನಿಲ್ಲ. ಪೆಟ್ಟಿಗೆಯಲ್ಲಿ ಇನ್ನೂ ಇದೆ.

ಫೆಬ್ರವರಿ ೨೦, ಗುರುವಾರ

ಪೆಟ್ಟಿಗೆಯಲ್ಲಿ ಮಾತ್ರವಲ್ಲ, ಎಲ್ಲೆಲ್ಲೂ ಇದೆ. ಪೆಟ್ಟಿಗೆಯನ್ನು ನೋಡಿ ಬೇರೆ ತಾಣಗಳು ಬರೆದುಕೊಂಡಿವೆ. ಬರೆದದ್ದು ಅಲ್ಲಿಯ ಯಂತ್ರಗಳು. ‘ಬೀಗಕ್ಕೆ ಜೇನು: ಅಜ್ಜಿಯ ಕಾಲದ ಗುಟ್ಟು.’ ಯಾರ ಅಜ್ಜಿ? ನನ್ನ ಅಜ್ಜಿಗೆ ಬೀಗವೇ ಇರಲಿಲ್ಲ, ಕದಕ್ಕೆ ಕಲ್ಲು ಒರಗಿಸಿಡುತ್ತಿದ್ದಳು.

‘ಬೀಗಕ್ಕೆ ಜೇನು ಹಾಕಬೇಡಿ’ ಎಂದು ನಾನೇ ದೊಡ್ಡದಾಗಿ ಹೊಸ ಪುಟ ಬರೆದೆ. ಕಡ್ಡಿಪೆಟ್ಟಿಗೆ ನೋಡಿ ತಲೆ ಚಚ್ಚಿಕೊಂಡಳು. “ಇಪ್ಪತ್ತು ವರ್ಷ ಏನು ಕಲಿತೆ? ಬೀಗ, ಜೇನು, ಎರಡನ್ನೂ ಪಕ್ಕಪಕ್ಕ ಇಟ್ಟು ಇನ್ನೊಂದು ಪುಟ ಮಾಡಿಕೊಟ್ಟೆಯಲ್ಲ. ಬೇಡ ಅಂದಷ್ಟೂ ಅದಕ್ಕೆ ಬೇಕು ಅಂತಲೇ ಕೇಳ್ಸುತ್ತೆ.” ನಿಜ. ನನಗೇ ಹೊಳೆಯಬೇಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಈ ಯಂತ್ರಗಳು ಹುಟ್ಟುವ ಮೊದಲಿನದು, ಅದರಲ್ಲಿ ನನ್ನ ತಪ್ಪೇನಿಲ್ಲ.

ಅಂಗಡಿಯ ಮುಂದೆ ಇವತ್ತು ಸಾಲು. ನಿಜವಾದ ಸಾಲು, ಮೆಟ್ಟಿಲು ದಾಟಿ ಬೀದಿಗೆ ಹೋಗಿತ್ತು. ಕೊರಿಯರಿನವನು, ಗೋದಾಮಿನ ಕಾವಲುಗಾರ, ಸೂಟ್‌ಕೇಸು ಹೊತ್ತ ಗಂಡಹೆಂಡತಿ, ಅವರ ಜಗಳ. ಎಲ್ಲರ ಬೀಗವೂ ಅಂಟಂಟು. ಅಣ್ಣ ಒಬ್ಬನಿಗೆ ಸಾಲದೆ ನನ್ನನ್ನು ಕರೆದ. ಸೀಮೆಎಣ್ಣೆಗೆ ಕೈಹಾಕಿದರೆ ಗದರಿದ: “ಜೇನಿಗೆ ಎಣ್ಣೆ ಅಲ್ಲ, ಬಿಸಿನೀರು. ನೆನೆಸು, ಊದು, ಒಣಗಿಸು, ಆಮೇಲೆ ಪೆನ್ಸಿಲ್ ಪುಡಿ.” ನೆನೆಸಿದೆ, ಊದಿದೆ. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಪುಡಿ. ಬೀಗದ ಒಳಗೆ ಸಣ್ಣ ಸಣ್ಣ ಕಡ್ಡಿಗಳು ಸಾಲಾಗಿ ನಿಂತಿರುತ್ತವೆ, ಒಂದೊಂದಕ್ಕೂ ಒಂದೊಂದು ಎತ್ತರ. ಬೀಗದಕೈ ಸರಿಯಾಗಿ ಒಳಗೆ ಹೋದರೆ ಎಲ್ಲ ಒಂದೇ ಗೆರೆಗೆ ಬಂದು ನಿಲ್ಲುತ್ತವೆ. ಇಷ್ಟು ವರ್ಷ ಇದರ ಬಗ್ಗೆ ಬರೆದಿದ್ದೇನೆ, ಬೆರಳಿಗೆ ಗೊತ್ತಾದದ್ದು ಇವತ್ತು.

ಅತ್ತಿಗೆಗೆ ಸಂತೋಷವೋ ಸಂತೋಷ. “ಜನಕ್ಕೆ ಏನು ಹುಚ್ಚು ಹಿಡಿದಿದೆಯೋ, ಇನ್ನೊಂದು ತಿಂಗಳು ಹಿಡಿದಿರಲಿ. ಇವರು ಟೋಪಿ ಹಾಕೋದು ತಪ್ಪುತ್ತೆ” ಎಂದರು. ನಾನು ತಟ್ಟೆ ಸರಿಸಿ ಎದ್ದು ಮುಂದಿನ ಬೀಗ ನೆನೆಹಾಕಿದೆ.

ಫೆಬ್ರವರಿ ೨೭, ಗುರುವಾರ

ಪೆಟ್ಟಿಗೆಯ ಕೆಳಗೆ ಒಂದು ಸಾಲು ಬಂದಿದೆ.

‘ಮೂಲ: ಬೀಗದಣ್ಣ.’

ಕಡ್ಡಿಪೆಟ್ಟಿಗೆ ಫೋನಿನಲ್ಲಿ ಕಿರುಚುತ್ತಿದ್ದಳು. ಜೇನಿನ ಪುಟಗಳೆಲ್ಲ ಒಂದಲ್ಲ ಒಂದು ದಾರಿಯಲ್ಲಿ ನಮ್ಮ ಕಡೆ ಬೆರಳು ತೋರಿಸುತ್ತಿವೆಯಂತೆ. ಹಾಗಾಗಿ ಬೀಗದ ವಿಷಯದಲ್ಲಿ ನಾವೇ ದೊಡ್ಡವರು ಎಂದು ಎಂಜಿನ್ನು ಒಪ್ಪಿಕೊಂಡಿದೆ. “ಎಷ್ಟು ವರ್ಷ ಬೇಡಿದ್ವಿ ಕಣೆ ಇದಕ್ಕೆ! ಪುಕ್ಕಟೆ ಬಂದಿದೆ, ಮುಟ್ಟಬೇಡ!”

ಹೆಸರು ಬೇಕು ಎಂದದ್ದು ನಾನೇ. ಬಂದಿದೆ. ನಿಜ ಹೇಳಿದಾಗ ಕಿತ್ತು ಬಿಸಾಡಿದ ಹೆಸರನ್ನು ಸುಳ್ಳಿಗೆ ತಂದು ಅಂಟಿಸಿದ್ದಾರೆ. ಯಾರ ಕೆನ್ನೆಗೆ ಹೊಡೆಯಲಿ? ಕೆನ್ನೆಯೇ ಇಲ್ಲವಲ್ಲ ಅದಕ್ಕೆ!

ಆ ಸಾಲು ತೆಗೆಯಿರಿ ಎಂದು ಮತ್ತೆ ಬರೆದೆ. ನನ್ನ ಅಭಿಪ್ರಾಯ ಅಮೂಲ್ಯವಂತೆ.

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲೇ ಫೋನ್. ಹಿಂದಿನ ಬೀದಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ನರ್ಸು. ಮನೆಯಲ್ಲಿ ಪುಟ್ಟ ಮೊಮ್ಮಗು ಇರುವುದರಿಂದ ಔಷಧವೆಲ್ಲ ಗೋಡೆಯ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಬೀರು ತೆರೆಯುತ್ತಿಲ್ಲ, ಅಜ್ಜಿಗೆ ಉಸಿರು ಸಿಗುತ್ತಿಲ್ಲ, ಆಂಬ್ಯುಲೆನ್ಸಿಗೆ ಹೇಳಿದ್ದೇನೆ, ನೀವು ಹತ್ತಿರ ಇದ್ದೀರಿ ಬನ್ನಿ ಎಂದಳು. ಅಣ್ಣ ಸಲಕರಣೆಯ ಪೆಟ್ಟಿಗೆ ಎತ್ತಿಕೊಂಡು ಓಡಿದ. ಡ್ರಿಲ್ಲಿನ ಚೀಲ ಹೊತ್ತು ಹಿಂದೆ ನಾನು.

ಅಜ್ಜಿ ಮಂಚದ ಅಂಚಿನಲ್ಲಿ ಕೂತಿದ್ದರು. ಎರಡು ಕೈಯೂ ಮಂಡಿಯ ಮೇಲೆ, ಭುಜ ಕಿವಿಯವರೆಗೆ ಎದ್ದಿತ್ತು. ಪ್ರತಿ ಉಸಿರಿಗೂ ಸಿಳ್ಳೆ ಹಾಕಿದ ಹಾಗೆ ಸದ್ದು. ಕಣ್ಣು ಬೀರುವಿನ ಮೇಲೇ ಇತ್ತು. ಔಷಧ ಆ ಮರದ ಹಲಗೆಯ ಆಚೆ ಇದೆಯೆಂದು ಅವರಿಗೆ ಗೊತ್ತು.

ಬೀಗದ ತೂತಿನ ಸುತ್ತ ಹೊಳೆಯುತ್ತಿತ್ತು. ಇರುವೆ ಇನ್ನೂ ಬಂದಿರಲಿಲ್ಲ, ಅಷ್ಟು ಹೊಸದು. ಬೀಗದಕೈ ಅದರೊಳಗೇ ಅರ್ಧಕ್ಕೆ ಮುರಿದಿತ್ತು.

ಬೀಗ ಒಡೆಯುವುದೆಂದರೆ ಅಣ್ಣನಿಗೆ ಸೋತ ಹಾಗೆ. ಇವತ್ತು ಒಂದು ಗಳಿಗೆಯೂ ನೋಡಲಿಲ್ಲ. ಡ್ರಿಲ್ ಹಚ್ಚಿ ಬೀಗದ ಎದೆಯನ್ನೇ ಕೊರೆದ. ಲೋಹದ ಪುಡಿ ಅವನ ಕನ್ನಡಕಕ್ಕೆ ಸಿಡಿಯುತ್ತಿತ್ತು. ಸದ್ದಿಗೆ ಮಗು ಒಳಗೆ ಅಳತೊಡಗಿತು. ನಾನು ಅಜ್ಜಿಯ ಪಕ್ಕ ಕೂತು ಅವರ ಕೈ ಹಿಡಿದುಕೊಂಡಿದ್ದೆ. ಆ ಕೈ ನನ್ನ ಬೆರಳುಗಳನ್ನು ಹಿಂಡುತ್ತಿತ್ತು.

ಬಾಗಿಲು ಬಿಟ್ಟುಕೊಂಡಿತು. ನರ್ಸು ಔಷಧದ ಪಂಪು ಎಳೆದುಕೊಂಡು ಅಜ್ಜಿಯ ಬಾಯಿಗಿಟ್ಟಳು. ಒಂದು ಸಲ, ಇನ್ನೊಂದು ಸಲ. ಭುಜ ನಿಧಾನವಾಗಿ ಇಳಿಯಿತು. ಆಂಬ್ಯುಲೆನ್ಸಿನವರು ಬಂದು ನೋಡಿ, ಈಗ ಪರವಾಗಿಲ್ಲ ಎಂದರು.

ಆಮೇಲೆ ನರ್ಸು ಬಾಗಿಲ ಹತ್ತಿರ ಅಣ್ಣನ ಎದುರು ನಿಂತು ಅತ್ತಳು. “ಎರಡು ದಿನದಿಂದ ಬಿಗಿಯಾಗಿತ್ತು ಸರ್. ರಾತ್ರಿ ಪಾಳಿಯವಳು ಬೇಡ ಅಂದ್ಲು. ನಾನೇ ಹಾಕ್ದೆ. ಅಲ್ಲಿ ಬೀಗದಣ್ಣ ಅಂತ ಇತ್ತು. ನಿಮ್ಮ ಹೆಸರಿತ್ತಲ್ಲ, ಅದಕ್ಕೇ ನಂಬಿದೆ.”

ಅಣ್ಣ ಅವಳ ಫೋನ್ ಇಸಿದುಕೊಂಡು ಓದಿದ. ಕನ್ನಡಕದ ಪುಡಿ ಒರೆಸಿಕೊಂಡು ಮತ್ತೊಮ್ಮೆ ಓದಿದ. ಅವಳಿಗೆ, “ನಿಮ್ಮದೇನೂ ತಪ್ಪಿಲ್ಲಮ್ಮ, ಹೊಸ ಬೀಗ ನಾನೇ ಹಾಕಿಕೊಡ್ತೀನಿ” ಎಂದ.

ನನ್ನ ಕಡೆ ನೋಡಲಿಲ್ಲ. ದಾರಿಯುದ್ದಕ್ಕೂ ನೋಡಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೇಳಿದ:

“ನಾನು ಯಾವತ್ತು ಹೇಳಿದೆ ಜೇನು ಹಾಕಿ ಅಂತ?”

“ಅದು ಗುರುತಿಗೆ ಇಟ್ಟಿದ್ದು ಅಣ್ಣ.”

“ಯಾರ ಗುರುತಿಗೆ?”

“ಕಳ್ಳರ ಗುರುತಿಗೆ.”

“ಸಿಕ್ಕಿದ್ರಾ?”

ಮಾರ್ಚ್ ೫

ಅಂಗಡಿಗೆ ಹೋಗಲಿಲ್ಲ.

ಮಾರ್ಚ್ ೬

ಒಂದೇ ಒಂದು ವಾಕ್ಯ ಬರೆದವಳು ನಾನು. ಊರಿಗೆಲ್ಲ ಸಾರಿದ್ದು ಆ ಯಂತ್ರ. ನಾನು ತೆಗೆದ ಮೇಲೂ ಸಾರಿದ್ದು ಅದು. ನ್ಯಾಯ ಕೇಳಿದರೆ ಬಾಗಿಲೇ ಇಲ್ಲದ ಗೋಡೆ ಕಟ್ಟಿಕೊಂಡು ಕೂತದ್ದು ಅದು. ಇದನ್ನೆಲ್ಲ ಅಣ್ಣನಿಗೆ ಹೇಳಬೇಕೆಂದು ನಾಲ್ಕು ಪುಟ ಬರೆದಿಟ್ಟಿದ್ದೆ. ಪ್ರತಿ ಸಾಲೂ ನಿಜ. ಮತ್ತೆ ಓದಿ ನೋಡಿದರೆ ಅಜ್ಜಿ ಕೈ ಹಿಂಡಿದ್ದು ಎಲ್ಲೂ ಇರಲಿಲ್ಲ. ಹರಿದು ಹಾಕಿದೆ.

ಬೆರಳು ಇನ್ನೂ ನೋಯುತ್ತಿದೆ.

ಮಾರ್ಚ್ ೭, ಶುಕ್ರವಾರ

ಅತ್ತಿಗೆ ಮನೆಗೇ ಬಂದರು. ಅವರಿಗೆ ಎಲ್ಲ ಗೊತ್ತಾಗಿದೆ. ಬಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಆಯ್ತಲ್ಲ, ಇನ್ನೇನು ಮನೇಲಿ ಕೂತು ಕೊಳೀತೀಯ? ಅಲ್ಲಿ ನಿನ್ನ ಅಣ್ಣ ಒಬ್ಬರೇ ಬೀಗ ತೊಳೀತಾ ಕೂತಿದ್ದಾರೆ. ನಡಿ.”

“ಅಣ್ಣ ಏನಂದ?”

“ಏನಂತಾರೆ? ಅವಳೆಲ್ಲಿ, ಬಿಸಿನೀರು ಆರಿಹೋಗ್ತಿದೆ ಅಂದ್ರು.”

ಹೋದೆ. ಅಣ್ಣ ಒಂದು ಹಲಗೆ, ಬಣ್ಣದ ಡಬ್ಬಿ ನನ್ನ ಮುಂದಿಟ್ಟ. “ನೀನು ಬರೆಯೋಳಲ್ವಾ, ಬರಿ” ಎಂದು ತಾನೇ ಹೇಳಿ ಬರೆಸಿದ: ‘ಬೀಗಕ್ಕೆ ಜೇನು ಹಾಕಬೇಡಿ. ಹಾಕಿದ್ದರೆ ತನ್ನಿ, ಪುಕ್ಕಟೆ ತೊಳೆದುಕೊಡುತ್ತೇವೆ. ಹಾಕಲು ಹೇಳಿದವರು ನಾವೇ.’

ಕೊನೆಯ ವಾಕ್ಯ ಯಾಕೆ ಎಂದು ಜಗಳ ತೆಗೆದೆ. ನಾವೇ ಅಂದರೆ ಏನರ್ಥ, ಯಂತ್ರವನ್ನು ಬಿಟ್ಟುಬಿಟ್ಟೆಯಲ್ಲ, ಅಷ್ಟು ಸುಲಭವಾಗಿ ಅವರನ್ನು ಕ್ಷಮಿಸುತ್ತೀಯಾ, ಪುಕ್ಕಟೆ ತೊಳೆದುಕೊಟ್ಟರೆ ಮಾರ್ಚ್ ಕೊನೆಗೆ ಬಾಡಿಗೆ ಯಾರು ಕಟ್ಟುತ್ತಾರೆ ಎಂದೆಲ್ಲ ಕೂಗಾಡಿದೆ. ಅಣ್ಣ ಕೇಳಿಸಿಕೊಂಡ.

“ನಾವೇ ಅನ್ನೋದಕ್ಕೆ ದೀರ್ಘ ಸರಿಯಾಗಿ ಹಾಕು” ಎಂದ.

ಹಾಕಿದೆ. ಹಲಗೆಯ ಬರಹ ಬೀದಿಯ ತುದಿಯಿಂದಲೂ ಕಾಣುತ್ತದೆ. ಬಿಳಿ ಹಲಗೆ, ಕರಿ ಅಕ್ಷರ.

ಮಾರ್ಚ್ ೧೮, ಮಂಗಳವಾರ

ಹಳದಿ ವ್ಯಾನಿನ ಕಂಪನಿಯಿಂದ ಒಬ್ಬ ಬಂದಿದ್ದ. ಕೈಯಲ್ಲಿ ಹಳದಿ ಟೋಪಿ, ಉಡುಗೊರೆಯಂತೆ. ಅಣ್ಣನನ್ನು ಕೆಲಸಕ್ಕೆ ಕರೆಯಲು ಬಂದವನಲ್ಲ. ಅವರಿಗೆ ಈಗ ಅಣ್ಣ ಬೇಕಾಗಿಲ್ಲ, ಹೆಸರು ಬೇಕು.

“ಮೇಡಂ, ಎಲ್ಲಿ ಬೀಗ ಅಂತ ಹುಡುಕಿದ್ರೂ ನೀವೇ ಬರ್ತೀರ. ತಾಣ, ಹೆಸರು ನಮಗೆ ಕೊಟ್ಟುಬಿಡಿ. ಅಂಗಡಿ ನಿಮ್ಮದೇ ಇರಲಿ, ಬೇರೆ ಹೆಸರು ಇಟ್ಕೊಳ್ಳಿ.”

“ಪೆಟ್ಟಿಗೇಲಿ ನಮ್ಮ ಹೆಸರಲ್ಲಿರೋ ಜೇನಿನ ವಾಕ್ಯ ಏನು ಮಾಡ್ತೀರ?”

“ಅದು ಯಾಕೆ ಮುಟ್ಟೋದು? ಅದರಿಂದಲೇ ಅಲ್ವಾ ಜನ ಬರೋದು. ಬೀಗ ಕೆಟ್ಟರೆ ನಮಗೇ ಫೋನ್ ಮಾಡ್ತಾರೆ.”

ನಗುತ್ತಾ ಹೇಳಿದ. ಬಿಸಿನೀರಿನ ಪಾತ್ರೆ ನನ್ನ ಕೈಗೆ ಹತ್ತಿರದಲ್ಲೇ ಇತ್ತು. ಅಣ್ಣ ಅದನ್ನು ನೋಡಿ ಮೆಲ್ಲಗೆ ಆಚೆ ಸರಿಸಿದ. “ತಾಣ ಇವಳದು. ಇವಳು ಹೇಳಿದ ಹಾಗೆ” ಎಂದ.

ಯಾವ ಮೇಲಿನ ಸಾಲಿಗಾಗಿ ಇಪ್ಪತ್ತು ವರ್ಷ ಕಣ್ಣು ಸವೆಸಿದೆನೋ ಅದನ್ನು ಅವನ ಎದುರಿಗೇ ಅಳಿಸಿದೆ. ಒಂದು ಪುಟವನ್ನಲ್ಲ, ಇಡೀ ತಾಣವನ್ನು. ‘ಖಚಿತವೇ?’ ಎಂದು ಕೇಳಿತು. ಈ ಯಂತ್ರ ನನ್ನನ್ನು ಮರ್ಯಾದೆಯಿಂದ ಕೇಳಿದ ಮೊದಲ ಪ್ರಶ್ನೆ. ಹೌದು ಎಂದು ಒತ್ತಿದೆ. ಅವನ ನಗು ಇಳಿಯುವುದನ್ನು ನೋಡಿದಾಗ ಇಷ್ಟು ದಿನದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

ಟೋಪಿ ಬಿಟ್ಟು ಹೋಗಿದ್ದಾನೆ. ಅತ್ತಿಗೆ ಅದನ್ನು ಅರದ ಕೆಳಗೆ ಅಂಗಾತ ಇಟ್ಟಿದ್ದಾರೆ, ಲೋಹದ ಪುಡಿ ನೆಲಕ್ಕೆ ಬೀಳದ ಹಾಗೆ.

ಮಾರ್ಚ್ ೩೧, ಸೋಮವಾರ

ಅಣ್ಣ ಕರಾರಿಗೆ ಸಹಿ ಹಾಕಿದ. ಇನ್ನೊಂದು ವರ್ಷ. ಪುಕ್ಕಟೆ ತೊಳೆಸಿಕೊಂಡು ಹೋದವರು ಒಬ್ಬೊಬ್ಬರೇ ವಾಪಸು ಬರುತ್ತಿದ್ದಾರೆ, ಬೀಗದಕೈ ಮಾಡಿಸಲು, ಹಳೇ ಬೀಗ ಬದಲಿಸಲು. ದರ್ಜಿ ತನ್ನ ಬೀದಿಯವರನ್ನೆಲ್ಲ ಕಳಿಸಿದ್ದಾನೆ. ಸಾಲೇನೂ ಇಲ್ಲ. ಸಾಲು ಇಲ್ಲದೆಯೂ ನಡೆಯುತ್ತದೆ ಅನ್ನುತ್ತಾನೆ ಅಣ್ಣ. ವರ್ಷ ಕಳೆದ ಮೇಲೆ ಏನೋ, ನೋಡಬೇಕು.

ತೊಳೆದ ಬೀಗಗಳನ್ನು ಕಂಪ್ಯೂಟರಿನ ಬೆನ್ನಿನ ಹತ್ತಿರ ಸಾಲಾಗಿ ಇಡುತ್ತಿದ್ದೇನೆ. ಅದರ ಬಿಸಿಗಾಳಿಗೆ ಬೇಗ ಒಣಗುತ್ತವೆ.

ಅಜ್ಜಿಯ ಬೀರುವಿಗೆ ಹೊಸ ಬೀಗ ಹಾಕಿಬಂದೆ. ಅಣ್ಣನಿಗೆ ಬೇರೆ ಕೆಲಸವಿತ್ತು. ತೂತು ಒಂದು ಕೂದಲಷ್ಟು ಓರೆಯಾಗಿದೆ, ನೋಡಿದರೆ ಗೊತ್ತಾಗುವುದಿಲ್ಲ. ಅಜ್ಜಿ ಗೊತ್ತು ಮಾಡಿಕೊಂಡರು. “ವಾರೆ ಇದೆಯಲ್ಲೇ” ಎಂದರು. ಮುದುಕಿಯ ಕಣ್ಣು ಹದ್ದಿನ ಕಣ್ಣು. ನಾಳೆ ಹೋಗಿ ಸರಿ ಮಾಡಬೇಕು.

ಏಪ್ರಿಲ್ ೧೦, ಗುರುವಾರ

ಅಣ್ಣ ಊಟಕ್ಕೆ ಕೂತಿದ್ದ. ಅಂಗಡಿಗೆ ಫೋನ್ ಬಂತು. ಯಾರೋ ಹೆಂಗಸು, ದೂರದ ಊರಂತೆ. ಹೊರಬಾಗಿಲಿನ ಬೀಗ ಕಚ್ಚಿಕೊಂಡಿದೆ, ಒಲೆಯ ಮೇಲೆ ಹಾಲಿಟ್ಟು ಹೊರಗೆ ಬಂದಿದ್ದೇನೆ ಎಂದು ಏದುಸಿರು ಬಿಡುತ್ತಿದ್ದಳು.

“ಪಕ್ಕದ ಮನೆಯವರ ಹತ್ತಿರ ಜೇನುತುಪ್ಪ ಇಸ್ಕೊಂಡು ಬಂದೆ. ಫೋನಲ್ಲಿ ಹಾಗೇ ಬರುತ್ತೆ. ಹಾಕೋ ಮುಂಚೆ ಯಾಕೋ ಒಂದ್ಸಲ ಕೇಳೋಣ ಅನ್ನಿಸ್ತು. ಎಲ್ಲೋ ಹಳೇ ಕಡೆ ಈ ನಂಬರು ಸಿಕ್ತು.”

“ಜೇನು ಕೆಳಗಿಡಿ” ಎಂದೆ. “ಇಟ್ರಾ? ಅವರ ಮನೇಲಿ ಮಕ್ಕಳಿದ್ದಾರಾ? ಒಂದು ಪೆನ್ಸಿಲ್ ಇಸ್ಕೊಳ್ಳಿ.”

ಪೆನ್ಸಿಲ್ ಬಂತು. ಮೊನೆಯನ್ನು ಬೀಗದಕೈಯ ಹಲ್ಲಿನ ಮೇಲೆ ಚೆನ್ನಾಗಿ ಉಜ್ಜಿಸಿದೆ. ಒಳಗೆ ತೂರಿಸಿ, ತಿರುಗಿಸದೆ, ಬರೀ ಹಿಂದೆ ಮುಂದೆ ಆಡಿಸಲು ಹೇಳಿದೆ. ಅವಳು ಗಾಬರಿಯಲ್ಲಿ ಜೋರಾಗಿ ತಿರುಚುತ್ತಿದ್ದಳು, ಇಲ್ಲಿಗೇ ಕೇಳಿಸುತ್ತಿತ್ತು.

“ಬೆದರಿಸಬೇಡಿ ಅದನ್ನ. ಮೆಲ್ಲಗೆ. ಬಾಗಿಲನ್ನ ಸ್ವಲ್ಪ ನಿಮ್ಮ ಕಡೆ ಎಳ್ಕೊಳ್ಳಿ. ಹಾಂ. ಈಗ ತಿರುಗಿಸಿ.”

ಟಕ್ ಎಂದಿತು.

“ಬಂತು! ಅಯ್ಯೋ, ಬಂತು! ಯಾರಮ್ಮ ನೀವು? ಯಾವ ಅಂಗಡಿ, ಹೆಸರೇನು?”

“ಹೆಸರು ಯಾಕೆ ಬಿಡಿ, ಬೀಗ ತೆಗೀತಲ್ಲ. ಒಳಗೆ ಓಡಿ, ಹಾಲು ಉಕ್ಕುತ್ತೆ.”

ಅಷ್ಟು ಹೇಳಿದ್ದೇ ತಡ, ಫೋನ್ ಕಡಿದು ಹಾಕಿದಳು. ಒಂದು ಥ್ಯಾಂಕ್ಸಿಲ್ಲ, ಬರ್ತೀನಿ ಅನ್ನುವುದಿಲ್ಲ. ಎಂಥ ಜನವಪ್ಪ! ಕೈಲಿದ್ದ ಕೆಲಸ ಬಿಟ್ಟು ಇಷ್ಟು ಹೊತ್ತು ಹೇಳಿಕೊಟ್ಟಿದ್ದೇನೆ, ಮಾತಿಗಾದರೂ ಒಂದು ಮರ್ಯಾದೆ ಬೇಡವೇ?

ಅಣ್ಣ ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದ. ಮೀಸೆಯೊಳಗೆ ನಗುತ್ತಿದ್ದ ಹಾಗಿತ್ತು. ಯಾಕೆ ನಗುತ್ತೀಯೆಂದರೆ ತುತ್ತು ಬಾಯಿಗಿಟ್ಟುಕೊಂಡ.